600 ವ್ಯಾಟ್ಸ್‌ಗೆ 2.6 ಆಂಪ್ಸ್ ತಾನೆ? ಮತ್ತೆ ಬ್ಯಾಟರಿ ವೈರ್ ಯಾಕೆ ಇಷ್ಟು ಬಿಸಿ?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. 12 ವೋಲ್ಟ್ ಬ್ಯಾಟರಿಗೆ ಇನ್ವರ್ಟರ್ ನಾನೇ ಕನೆಕ್ಟ್ ಮಾಡಿದೀನಿ, ಫ್ಯಾನು ಲೈಟು ಕಂಪ್ಯೂಟರ್ ಎಲ್ಲಾ ಸೇರಿ 600 ವ್ಯಾಟ್ಸ್ ಲೋಡ್. ವ್ಯಾಟ್ಸ್‌ನ ವೋಲ್ಟ್‌ನಿಂದ ಭಾಗಿಸಿದ್ರೆ ಆಂಪ್ಸ್ ಬರತ್ತೆ ಅಂತ ಗೊತ್ತಿತ್ತು, 600 ÷ 230 ಅಂದ್ರೆ 2.6 ಆಂಪ್ಸ್, ಇಷ್ಟಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಧಾರಾಳ ಸಾಕು ಅಂತ ಬ್ಯಾಟರಿಯಿಂದ ಇನ್ವರ್ಟರ್‌ವರೆಗೂ ಅದನ್ನೇ ಎಳೆದೆ, ಎರಡು ಮೀಟರ್ ದೂರ. ಈಗ ಪೂರ್ತಿ ಲೋಡ್ ಹಾಕಿದ ಸ್ವಲ್ಪ ಹೊತ್ತಿಗೇ ವೈರ್ ಮುಟ್ಟೋಕೆ ಆಗಲ್ಲ ಅಷ್ಟು ಬಿಸಿ, ಜೊತೆಗೆ ಬ್ಯಾಟರಿ ಫುಲ್ ಚಾರ್ಜ್ ಇದ್ರೂ ಇನ್ವರ್ಟರ್ ಲೋ ಬ್ಯಾಟರಿ ಅಂತ ಬೀಪ್ ಹೊಡೆದು ಆಫ್ ಆಗತ್ತೆ. ಬ್ಯಾಟರಿ ಹೋಯ್ತಾ, ಇಲ್ಲಾ ನನ್ನ ಲೆಕ್ಕನೇ ತಪ್ಪಾ?

ಉತ್ತರ 1:
ಸರ್ ಮೊದ್ಲು ಅದನ್ನ ಆಫ್ ಮಾಡಿ, ಉಳಿದಿದ್ದು ಆಮೇಲೆ ಓದಿ. ಆ ವೈರ್‌ನ ಇನ್ಸುಲೇಷನ್ ಕರಗಿ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿದ್ರೆ ಬೆಂಕಿನೇ.

ಫಾರ್ಮುಲಾ ಸರಿಯಾಗಿದೆ, ಆದ್ರೆ ವೋಲ್ಟ್ ಬೇರೆ ಜಾಗದ್ದು ತಗೊಂಡಿದೀರ. ಯಾವ ವೈರ್ ಲೆಕ್ಕ ಹಾಕ್ತೀರೋ ಆ ವೈರ್‌ನಲ್ಲಿರೋ ವೋಲ್ಟ್‌ನಿಂದಲೇ ಭಾಗಿಸ್ಬೇಕು. ಇನ್ವರ್ಟರ್ ಆಚೆ ಕಡೆ 230 ವೋಲ್ಟ್, ಅಲ್ಲಿ 2.6 ಆಂಪ್ಸ್ ನಿಜ. ಬ್ಯಾಟರಿ ಕಡೆ ಇರೋದು 12, ಅಲ್ಲಿ 600 ÷ 12 = 50 ಆಂಪ್ಸ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನತ್ತೆ, 85 ಪರ್ಸೆಂಟ್ ಎಫಿಶಿಯೆನ್ಸಿ ಅಂದ್ಕೊಳ್ಳಿ, ಆಗ ಬ್ಯಾಟರಿ ಕೊಡ್ಬೇಕಾಗಿರೋದು ಹತ್ರತ್ರ 706 ವ್ಯಾಟ್ಸ್, ಅಂದ್ರೆ 59 ಆಂಪ್ಸ್.

ಬಿಸಿ ಅನ್ನೋದು ಆಂಪ್ಸ್ ಇಂಟು ಆಂಪ್ಸ್ ಇಂಟು ರೆಸಿಸ್ಟೆನ್ಸ್, ಇಲ್ಲೇ ಎಲ್ರೂ ಎಡವೋದು. ಹೋಗೋಕೆ ಎರಡು ಮೀಟರ್ ಬರೋಕೆ ಎರಡು ಮೀಟರ್, ಒಟ್ಟು ನಾಲ್ಕು ಮೀಟರ್ 2.5 ಸ್ಕ್ವೇರ್ ತಾಮ್ರದ ವೈರ್‌ಗೆ ಸುಮಾರು 0.03 ಓಮ್. ಅದರಲ್ಲಿ 2.6 ಆಂಪ್ಸ್ ಹೋದ್ರೆ ಬರೀ 0.2 ವ್ಯಾಟ್ ಬಿಸಿ, 60 ಆಂಪ್ಸ್ ಹೋದ್ರೆ 108 ವ್ಯಾಟ್ಸ್! ನೂರು ವ್ಯಾಟ್ ಹಳೇ ಬಲ್ಬ್ ಒಂದನ್ನ ವೈರ್ ಒಳಗೆ ಉರಿಸಿದಂಗೆ. ಬೀಪ್‌ಗೂ ಇದೇ ಕಾರಣ ಇರತ್ತೆ, 60 × 0.03 ಅಂದ್ರೆ 1.8 ವೋಲ್ಟ್ ದಾರಿಯಲ್ಲೇ ಹೋಗತ್ತೆ, ಬ್ಯಾಟರಿ ಹತ್ರ 12 ಇದ್ರೂ ಇನ್ವರ್ಟರ್‌ಗೆ ಸಿಗೋದು 10.2, ಅದು ಪಾಪ ಬ್ಯಾಟರಿ ಖಾಲಿ ಅಂತ ತಿಳ್ಕೊಳತ್ತೆ.

25 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಆದಷ್ಟೂ ಗಿಡ್ಡ ಮಾಡಿ, ಕೇಬಲ್ ತುದಿಗೆ ಹಾಕೋ ಲೋಹದ ಲಗ್‌ನ ಚೆನ್ನಾಗಿ ಕ್ರಿಂಪ್ ಮಾಡ್ಸಿ (ಅಂದ್ರೆ ಗಟ್ಟಿಯಾಗಿ ಒತ್ತಿಸಿ). ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 80 ಆಂಪ್ಸ್ ಫ್ಯೂಸ್ ಹಾಕೋದು ಮಾತ್ರ ಮರೀಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಆಫ್ ಮಾಡ್ದೆ. ಇನ್ನೊಂದು ಡೌಟು, 230 ಕಡೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಆಂಪ್ಸ್ ಅಳೆಯೋದು) ಹಾಕಿ ನೋಡಿದ್ರೆ 3.1 ಆಂಪ್ಸ್ ತೋರಿಸಿತ್ತು. 230 × 3.1 ಅಂದ್ರೆ 713 ಆಯ್ತಲ್ಲ, ಲೋಡ್ ಇರೋದು 600 ವ್ಯಾಟ್ಸ್ ತಾನೆ?

ಉತ್ತರ 2:
ಆ 713 ವ್ಯಾಟ್ಸ್ ಅಲ್ಲ, ವಿಎ. ಎಸಿಯಲ್ಲಿ, ಅಂದ್ರೆ 230 ಕಡೆ ಇರೋ ಕರೆಂಟ್‌ನಲ್ಲಿ, ವೋಲ್ಟ್ ಇಂಟು ಆಂಪ್ಸ್ ಮಾಡಿದ್ರೆ ಸಿಗೋದು ವಿಎ, ಅದನ್ನ ಪವರ್ ಫ್ಯಾಕ್ಟರ್‌ನಿಂದ (ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಗುಣಿಸಿದ್ರೆ ವ್ಯಾಟ್ಸ್. 600 ÷ 713, ಅಂದ್ರೆ ನಿಮ್ಮ ಲೋಡ್‌ದು 0.84. ಮೋಟಾರು, ಕಂಪ್ಯೂಟರ್ ಪವರ್ ಸಪ್ಲೈ ಇದ್ರೆ ಹೀಗೇ, ಹೀಟರ್ ಥರದ್ದಕ್ಕೆ ಮಾತ್ರ ಪವರ್ ಫ್ಯಾಕ್ಟರ್ 1. ಇನ್ವರ್ಟರ್ ಮೇಲೆ 850 ವಿಎ ಅಂತ ಇದ್ರೆ 850 ವ್ಯಾಟ್ಸ್ ಎಳೀಬಹುದು ಅಂದ್ಕೋಬೇಡಿ, ವ್ಯಾಟ್ಸ್ ಬೇರೆ ಬರೆದಿರ್ತಾರೆ, ಎರಡೂ ದಾಟಬಾರದು. ಬ್ಯಾಟರಿ ಕಡೆ ಆಂಪ್ಸ್‌ಗೆ ವ್ಯಾಟ್ಸ್ ಹಿಡಿದೇ ಲೆಕ್ಕ ಹಾಕಿ, ಮೇಲೆ ಹೇಳಿದ 59 ಸರಿಯಾಗೇ ಇದೆ.

ಇನ್ನೊಂದು ಮಾತು, ಆ 59 ಆಂಪ್ಸ್ ಅಳೆಯೋಕೆ ಮಲ್ಟಿಮೀಟರ್‌ನ ಸೀರೀಸ್‌ನಲ್ಲಿ ಹಾಕ್ಬೇಡಿ ದಯವಿಟ್ಟು, ಸಾಮಾನ್ಯವಾಗಿ ಅದಕ್ಕೆ 10 ಆಂಪ್ಸೇ ಲಿಮಿಟ್ಟು. ಡಿಸಿ (ಬ್ಯಾಟರಿ ಕಡೆ ಕರೆಂಟ್) ಅಳೆಯೋ ಕ್ಲ್ಯಾಂಪ್ ಮೀಟರೇ ಬೇಕು, ಎಸಿ ಕ್ಲ್ಯಾಂಪ್‌ನಲ್ಲಿ ಡಿಸಿ ಬರಲ್ಲ.

ಉತ್ತರ 3:
ಒಂದು ಸೇರಿಸ್ತೀನಿ. ವೋಲ್ಟ್ ಕಮ್ಮಿ ಆದ್ರೆ ಆಂಪ್ಸ್ ಜಾಸ್ತಿ ಅನ್ನೋದನ್ನ ಎಲ್ಲಾದಕ್ಕೂ ಹಚ್ಬೇಡಿ. ಇನ್ವರ್ಟರ್ ಥರ ವ್ಯಾಟ್ಸ್ ಅಷ್ಟೇ ಇಟ್ಕೊಳ್ಳೋ ಸಾಮಾನಿಗೆ ಅದು ನಿಜ. ಹೀಟರ್ ಕಾಯಿಲ್‌ನಲ್ಲಿ ಬದಲಾಗದೇ ಇರೋದು ರೆಸಿಸ್ಟೆನ್ಸ್, 230 ವೋಲ್ಟ್‌ನ 2000 ವ್ಯಾಟ್ಸ್ ಹೀಟರ್‌ಗೆ 200 ವೋಲ್ಟೇ ಬಂದ್ರೆ ಆಂಪ್ಸ್ 8.7ರಿಂದ 7.6ಕ್ಕೆ ಇಳಿಯತ್ತೆ, ವ್ಯಾಟ್ಸ್ 1500 ಹತ್ರ ಬಂದ್ಬಿಡತ್ತೆ.

ಪ್ರಶ್ನೆ ಕೇಳಿದವರು:
25 ಸ್ಕ್ವೇರ್ ಕೇಬಲ್, ಫ್ಯೂಸ್ ಎರಡೂ ಹಾಕ್ಸಿದೆ. ಪೂರ್ತಿ ಲೋಡ್‌ನಲ್ಲಿ ಬ್ಯಾಟರಿ ಟರ್ಮಿನಲ್ ಹತ್ರ 12.1, ಇನ್ವರ್ಟರ್ ಹತ್ರ 11.9 ವೋಲ್ಟ್. ಅರ್ಧ ಗಂಟೆ ಓಡಿಸಿ ಮುಟ್ಟಿ ನೋಡ್ದೆ, ಕೇಬಲ್ ತಣ್ಣಗಿದೆ, ಬೀಪೂ ಇಲ್ಲ.