ನರ್ಸರಿಯಿಂದ ತಂದ ಅಂಜೂರದ ಗಿಡ: ಈಗಲೇ ಕತ್ತರಿ ಹಾಕಬಹುದಾ?

ಬಿಜೈ ತಾರಸಿ:
ಚೌತಿ ಕಳೆದ ವಾರ ತಂದ ಅಂಜೂರ, ಪೂನಾ ತಳಿ ಅಂತ ಹೇಳಿ ಕೊಟ್ಟದ್ದು. ಇನ್ನೂ ನರ್ಸರಿಯ ಕಪ್ಪು ತೊಟ್ಟೆಯಲ್ಲೇ ಉಂಟು. ನಾಲ್ಕಡಿ ಎತ್ತರದ ಒಂದೇ ಕೋಲು, ಗೆಲ್ಲು ಇಲ್ಲ. ಬುಡ ಹೆಬ್ಬೆರಳಿನಷ್ಟು ದಪ್ಪ. ತುದಿಯಲ್ಲಿ ಏಳೆಂಟು ಎಲೆ, ಎರಡು ಪುಟ್ಟ ಕಾಯಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ. ತುದಿ ಕತ್ತರಿಸಿದ್ರೆ ಗೆಲ್ಲು ಬರ್ತದೆ ಅಂತಾರೆ. ಈಗ ಕತ್ತರಿಸಬಹುದಾ, ಎಷ್ಟು ಎತ್ತರಕ್ಕೆ? ಕಾಯಿ ಹೋಗ್ತದಲ್ಲ ಅಂತ ಬೇಜಾರು. ಬಿಸಿಲು ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಉಂಟು.

ಸುರತ್ಕಲ್ ಹಿತ್ತಿಲು:
ಕತ್ತರಿಸಲೇಬೇಕು, ಆದ್ರೆ ಇವತ್ತಲ್ಲ ಮಾರಾಯ್ರೆ. ಜಾಗ ಬದಲಾದ ಗಿಡ, ಮೇಲಿಂದ ಮಳೆ. ಅಂಜೂರದ ಕಾಂಡದ ನಡುವೆ ಮೆದು ತಿರುಳು ಇರ್ತದೆ. ಗಾಯ ಒಣಗುವ ಮೊದಲು ನೀರು ಇಳಿದ್ರೆ ಮೇಲಿಂದ ಕಪ್ಪಾಗುತ್ತಾ ಕೆಳಗೆ ಬರ್ತದೆ. ನೀವು 50 ಸೆಂ.ಮೀ.ಗೆ ಕತ್ತರಿಸಿದ್ದು ತಿಂಗಳಲ್ಲಿ 30 ಆಗಿರ್ತದೆ.

ಮೊದಲು ಕುಂಡ. 14ರಿಂದ 16 ಇಂಚಿನದ್ದು, ಅಡಿಯಲ್ಲಿ ಕನಿಷ್ಠ ನಾಲ್ಕು ತೂತು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆ ಹಟ್ಟಿಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ತೆಂಗಿನ ನಾರಿನ ಹುಡಿ ಬೇಡ, ನಮ್ಮ ಮಳೆಗೆ ಅದು ಒದ್ದೆ ಸ್ಪಂಜು. ನಮ್ಮ ಮುರಕಲ್ಲು ಮಣ್ಣು ಹುಳಿ, ಅಂಜೂರಕ್ಕೆ ಅದು ಆಗುವುದಿಲ್ಲ. ಒಂದು ಮುಷ್ಟಿ ಕೃಷಿ ಸುಣ್ಣ ಬೆರೆಸಿ. ತೊಟ್ಟೆಯನ್ನು ಬ್ಲೇಡಿನಿಂದ ಸೀಳಿ, ಬೇರಿನ ಮುದ್ದೆ ಒಡೆಯದೆ ಇಳಿಸಿ. ಬೇರಲ್ಲಿ ಸಾಸಿವೆ, ಕಡಲೆ ಗಾತ್ರದ ಗಂಟುಗಳು ಕಂಡ್ರೆ ಜಂತುಹುಳದ ಬಾಧೆ. ಆ ಗಿಡವನ್ನು ವಾಪಸು ಕೊಡುವುದೇ ಒಳ್ಳೆಯದು.

ಕತ್ತರಿ ಹಾಕುವುದು ಅಕ್ಟೋಬರ್ ನಡುವಿಗೆ. ಯಾಕೆ ಆಗ ಅಂದ್ರೆ, ಅಂಜೂರದ ಮುಖ್ಯ ಫಸಲು ಬರುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಕತ್ತರಿಸಿ ನಾಲ್ಕೈದು ತಿಂಗಳಿಗೆ ಹಣ್ಣು, ಅಂದ್ರೆ ಫೆಬ್ರವರಿ–ಮಾರ್ಚ್. ಏಪ್ರಿಲಲ್ಲಿ ಕತ್ತರಿಸಿದ್ರೆ ಹಣ್ಣು ಮಾಗುವ ಹೊತ್ತಿಗೆ ಆಟಿಯ (ಜುಲೈ–ಆಗಸ್ಟಿನ) ಮಳೆ: ಬಿರಿದು ಹುಳಿ ಬಂದು ಇರುವೆ ಪಾಲು. ಅಂಜೂರ ಬೆಳೆಯುವ ಒಣ ಊರುಗಳಾದ ಶ್ರೀರಂಗಪಟ್ಟಣದ ಗಂಜಾಂ, ಬಳ್ಳಾರಿಯ ಲೆಕ್ಕ ವರ್ಷಕ್ಕೆ 3,500 ಮಿ.ಮೀ. ದಾಟುವ ನಮ್ಮ ಮಳೆಗೆ ಹೊಂದುವುದಿಲ್ಲ.

ಎತ್ತರ: ಮಣ್ಣಿಂದ 45–50 ಸೆಂ.ಮೀ. ಹೊರಮುಖವಾಗಿರುವ ಒಂದು ಕಣ್ಣು (ಚಿಗುರು ಒಡೆಯುವ ಮೊಗ್ಗು) ನೋಡಿ, ಅದರ ಮೇಲೆ ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ, ಇಳಿಜಾರು ಕಣ್ಣಿನ ಎದುರು ಬದಿಗೆ ಇರುವ ಹಾಗೆ. ಕತ್ತರಿಯ ಅಲಗನ್ನು ಸ್ಪಿರಿಟಿನಿಂದ ಒರೆಸಿರಬೇಕು. ಆ ಎರಡು ಕಾಯಿಯ ಆಸೆ ಬಿಡಿ. ಈ ತೇವಕ್ಕೆ ಅವು ಹೇಗೂ ನಿಲ್ಲುವುದು ಕಷ್ಟ.

ಪುತ್ತೂರು ಅಡಿಕೆ:
ಕಿತ್ತಳೆ ಹುಡಿ ತುಕ್ಕುರೋಗ. ಹುಡಿ ಇರುವ ಎಲೆಗಳನ್ನು ತೆಗೆದು ತೊಟ್ಟೆಗೆ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದದ್ದಕ್ಕೆ ನಮ್ಮ ಅಡಿಕೆ ಕೊಳೆರೋಗದ ಮದ್ದೇ ಸಾಕು: ಶೇ. 1ರ ಬೋರ್ಡೋ, ಅಂದ್ರೆ ಮೈಲುತುತ್ತು–ಸುಣ್ಣದ ದ್ರಾವಣ. ಅರ್ಧ ಲೀಟರ್ ನೀರಲ್ಲಿ 10 ಗ್ರಾಂ ಮೈಲುತುತ್ತು, ಇನ್ನರ್ಧ ಲೀಟರಲ್ಲಿ 10 ಗ್ರಾಂ ಸುಣ್ಣ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಹೊಳೆಯುವ ಕತ್ತಿ ಅದ್ದಿ ನೋಡಿ, ಕೆಂಪು ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡ್ತದೆ. ಮಾಡಿದ ದಿನವೇ ಮುಗಿಸಿ.

ಕತ್ತರಿಸಿದ ತುದಿಗೆ ಅದೇ ಮದ್ದು ಮುಲಾಮಿನ ಹದದಲ್ಲಿ, 100 ಗ್ರಾಂ ತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು ಅನುಪಾತ. ನಿಮಗೆ ಬೇಕಾಗುವುದು ಒಂದು ಚಮಚ, ಪಕ್ಕದ ತೋಟದವರಲ್ಲಿ ಕೇಳಿದ್ರೆ ಆಯ್ತು! ಅಕ್ಟೋಬರಲ್ಲಿ ಸಂಜೆ ಗುಡುಗು ಮಳೆ ಉಂಟಲ್ಲ, ಮೂರ್ನಾಲ್ಕು ದಿನ ಕುಂಡ ಶೀಟಿನ ಅಡಿಯಲ್ಲಿರಲಿ.

ಮಲ್ಪೆ ಗಾಳಿ:
ಸೊನೆ ಬರ್ತದೆ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಹಲಸು ಕೊಯ್ಯುವ ಹಾಗೆ.

ಸುರತ್ಕಲ್ ಹಿತ್ತಿಲು:
ಹಲಸಿನ ಮೇಣದ್ದು ಅಂಟಿನ ತಾಪತ್ರಯ ಮಾತ್ರ, ಅದಕ್ಕೆ ಎಣ್ಣೆ ಸರಿ. ಅಂಜೂರದ ಸೊನೆ ಬೇರೆ: ಅದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳ್ತದೆ, ಕಪ್ಪು ಕಲೆ ಎಷ್ಟೋ ದಿನ ಉಳೀತದೆ. ಎಣ್ಣೆ ಅದನ್ನು ತಡೆಯುವುದಿಲ್ಲ. ರಬ್ಬರ್ ಗವಸು, ಪೂರ್ತಿ ತೋಳಿನ ಅಂಗಿ, ಕೆಲಸ ಸಂಜೆಗೆ, ಮುಗಿದ ಕೂಡಲೇ ಸಾಬೂನು. ಕಣ್ಣು ಮುಟ್ಟಬೇಡಿ.

ಬಿಜೈ ತಾರಸಿ:
ಸರಿ, ಕುಂಡ ಈ ವಾರವೇ. ಕತ್ತರಿಸಿದ ಮೇಲೆ ಎಷ್ಟು ಗೆಲ್ಲು ಬಿಡಬೇಕು? ಮೇಲಿನ ಕೋಲು ಬಿಸಾಡುವುದಾ?

ಸುರತ್ಕಲ್ ಹಿತ್ತಿಲು:
ಎರಡು ಮೂರು ವಾರಕ್ಕೆ ಕಣ್ಣು ಒಡೀತದೆ. ಚಿಗುರು ಹೆಬ್ಬೆರಳುದ್ದ ಆದಾಗ ಬೇರೆ ಬೇರೆ ದಿಕ್ಕಿನ ಮೂರು ನಾಲ್ಕು ಇಟ್ಟು ಉಳಿದದ್ದನ್ನು ಬೆರಳಿನಿಂದ ಮುರಿಯಿರಿ. ಪಾಪ ಅಂತ ಎಲ್ಲ ಬಿಟ್ಟರೆ ಸಣಕಲು ಗೆಲ್ಲುಗಳ ಪೊದೆ. ಒಂದೊಂದು ಗೆಲ್ಲಲ್ಲಿ ಐದಾರು ಎಲೆ ಬಂದ ಮೇಲೆ ತುದಿ ಚಿವುಟಿ. ಚಿಗುರು ಕಂಡ ಖುಷಿಗೆ ಕಡ್ಲೆ ಹಿಂಡಿ ನೀರು ಸುರಿಯಬೇಡಿ, ಎಲೆ ಮಾತ್ರ ಬೆಳೀತದೆ. ಎಲೆ ಇಲ್ಲದ ಗಿಡಕ್ಕೆ ನೀರೂ ಕಡಿಮೆ ಸಾಕು. ಎರಡಿಂಚು ಆಳಕ್ಕೆ ಬೆರಳು ಹಾಕಿ, ಒಣಗಿದ್ದರೆ ಮಾತ್ರ.

ಇನ್ನೊಂದು ಮರೆತದ್ದು: ಬುಡದ ಹತ್ತಿರ ಕಸಿಯ ಗಂಟು ಉಂಟಾ ನೋಡಿ. ಅತ್ತಿಯ ಮೇಲೆ ಅಂಜೂರ ಕಸಿ ಕಟ್ಟುವುದೂ ಉಂಟು. ಗಂಟಿನ ಕೆಳಗಿಂದ ಅಂಗೈಯ ಹಾಗೆ ಬೆರಳು ಬೆರಳಾಗಿ ಸೀಳದ, ನುಣುಪು ಎಲೆಯ ಚಿಗುರು ಬಂದರೆ ಅದು ಅತ್ತಿ, ಬುಡದಲ್ಲೇ ಕೀಳಿ.

ಪುತ್ತೂರು ಅಡಿಕೆ:
ಕೋಲು ಬಿಸಾಡಬೇಡಿ. ತುದಿಯ ಹಸಿರು ಭಾಗ ಬಿಟ್ಟು ಪೆನ್ಸಿಲ್ ದಪ್ಪದ್ದನ್ನು 15–20 ಸೆಂ.ಮೀ. ತುಂಡು ಮಾಡಿ, ಒಂದೊಂದರಲ್ಲಿ ಮೂರು ನಾಲ್ಕು ಕಣ್ಣು ಇರಲಿ. ಅಡಿಭಾಗ ನೇರ, ಮೇಲ್ಭಾಗ ಓರೆ ಕತ್ತರಿಸಿ, ಯಾವುದು ತಲೆ ಅಂತ ಗೊತ್ತಾಗಲಿಕ್ಕೆ. ಸೊನೆ ತೊಳೆದು, ಮರಳು ಹೆಚ್ಚಿರುವ ಮಣ್ಣಲ್ಲಿ ಎರಡು ಕಣ್ಣು ಮುಚ್ಚುವಷ್ಟು ಊರಿ, ನೆರಳಲ್ಲಿ ಇಡಿ. ಚಿಗುರು ಬಂತು ಅಂತ ಎಳೆದು ನೋಡಬೇಡಿ, ಎಲೆ ಮೊದಲು ಬರ್ತದೆ, ಬೇರು ಆಮೇಲೆ.