ಸಮ್ಮೇಳನಕ್ಕೆ ಬರುವವರಿಗೆ ಗೌಟೆಂಗ್ ಏಕೆ ಇಷ್ಟ?

ಪ್ರಶ್ನೆ: ನಮ್ಮ ಸಂಸ್ಥೆಯ ವಾರ್ಷಿಕ ಸಮ್ಮೇಳನ ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದಲ್ಲಿ ನಡೆಯಲಿದೆ. ಕಡಲತೀರದ ಕೇಪ್‌ಟೌನ್ ಬಿಟ್ಟು ಉದ್ಯಮಿಗಳು ಇಲ್ಲಿಗೇ ಬರುವುದೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ವಿಸ್ತೀರ್ಣದಲ್ಲಿ ದೇಶದ ಅತಿ ಚಿಕ್ಕ ಪ್ರಾಂತ್ಯವಾದರೂ ಒಟ್ಟು ಉತ್ಪನ್ನದ ಸುಮಾರು ಮೂರನೇ ಒಂದು ಭಾಗ ಇಲ್ಲಿಯದೇ; ಜೊಹಾನ್ಸ್‌ಬರ್ಗಿನ ಸ್ಯಾಂಡ್ಟನ್ ಸಭಾಭವನದಿಂದ ಷೇರುಪೇಟೆಯೂ ದೊಡ್ಡ ಬ್ಯಾಂಕುಗಳ ಕಚೇರಿಗಳೂ ನಡೆದು ಹೋಗುವಷ್ಟು ಹತ್ತಿರವಿರುವುದರಿಂದ, ಬಿಡುವಿನಲ್ಲೇ ಹೂಡಿಕೆದಾರರನ್ನು ಕಂಡು ಬರಬಹುದು. 2023ರ ಬ್ರಿಕ್ಸ್ ಶೃಂಗಸಭೆ ನಡೆದದ್ದೂ ಅದೇ ಭವನದಲ್ಲಿ.

ಉತ್ತರ 2: ವಿಮಾನ ನಿಲ್ದಾಣದಿಂದ ಸ್ಯಾಂಡ್ಟನ್ನಿಗೆ ಗೌಟ್ರೇನ್ ರೈಲಿನಲ್ಲಿ ಸುಮಾರು 15 ನಿಮಿಷ ಸಾಕು. ಜೂನ್, ಜುಲೈಯಲ್ಲಾದರೆ ಸ್ವೆಟರ್ ಇರಲಿ; ಆಗ ಅಲ್ಲಿ ಚಳಿಗಾಲ. ಮೇಲಾಗಿ ನಗರವು ಸುಮಾರು 1,700 ಮೀಟರ್ ಎತ್ತರದಲ್ಲಿದೆ.

ಉತ್ತರ 3: ಸಾಧ್ಯವಾದರೆ ಒಂದು ದಿನ ಹೆಚ್ಚು ಉಳಿಯಿರಿ. ಗಾಂಧೀಜಿ, ಮಂಡೇಲಾ ಇಬ್ಬರನ್ನೂ ಇರಿಸಿದ್ದ ಸೆರೆಮನೆಯ ಆವರಣದಲ್ಲಿ, ಕೆಡವಿದ ಕಟ್ಟಡದ ಇಟ್ಟಿಗೆಗಳನ್ನೂ ಬಳಸಿ ಕಟ್ಟಿದ ಸಂವಿಧಾನ ನ್ಯಾಯಾಲಯವನ್ನು ನೋಡಲೇಬೇಕು.