ಇಸುಬು, ಕೆರಳು, ವಾಸಿ: ಒಂದು ಚೀಟಿಯಲ್ಲಿ ಸಿಕ್ಕಿಕೊಂಡ ಪದಗಳು

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಚೀಟಿ ಬರೆಯಲು ಹೋಗಿ ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಸಿ.

ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ನಾಲ್ಕನೇ ತಿಂಗಳಿಂದ ಎಸ್ಜಿಮಾ ಇದೆ, ಅಂದರೆ ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ. ಹಗಲು ಅವಳನ್ನು ನೋಡಿಕೊಳ್ಳುವ ಶಿಶುವಿಹಾರಕ್ಕೆ ಹೀಗೆ ಬರೆದುಕೊಟ್ಟೆ: "ಮಗುವಿಗೆ ಇಸುಬು ಇದೆ. ಮಧ್ಯಾಹ್ನ ಒಮ್ಮೆ ಮುಲಾಮು ಹಚ್ಚಿ." ಸಂಜೆ ಉತ್ತರ ಬಂತು: "ಪೂರ್ತಿ ವಾಸಿಯಾದ ಮೇಲೆ ಕರೆತನ್ನಿ. ಬೇರೆ ಮಕ್ಕಳಿಗೆ ಹರಡಿದರೆ ಕಷ್ಟ." ಸಿಟ್ಟು ಬಂತು. ರಾತ್ರಿ ಯೋಚಿಸಿದಾಗ, ತಪ್ಪಲ್ಲಿ ಅರ್ಧ ಪಾಲು ನಾನು ಬರೆದ ಪದದ್ದೇ ಅನ್ನಿಸಿತು.

ಎಸ್ಜಿಮಾ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಿಘಂಟು ನೋಡಿದರೆ ಅದಕ್ಕೆ ಇಸುಬು ಅಂತಲೇ ಕೊಟ್ಟಿರುತ್ತಾರೆ. ಮರಾಠಿಯವರೂ ಅದನ್ನು ಇಸಬ್ ಅನ್ನುತ್ತಾರೆ. ಆದರೆ ಮಾತಲ್ಲಿ ಕಜ್ಜಿ, ಇಸುಬು, ಹುಳುಕಡ್ಡಿ, ಗಜಕರ್ಣ ಎಲ್ಲ ಕಲಸಿಹೋಗಿವೆ. ಮೈ ಕೆಂಪಾಗಿ ತುರಿಸಿದರೆ ಸಾಕು, ಬಾಯಿಗೆ ಬಂದ ಹೆಸರು ಹೇಳಿಬಿಡುತ್ತೇವೆ. ಕಜ್ಜಿ ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ. ಹುಳುಕಡ್ಡಿ ಬರುವುದು ಬೂಷ್ಟಿನ ಜಾತಿಯ ಶಿಲೀಂಧ್ರದಿಂದ. ಹೆಸರಲ್ಲಿ ಹುಳು ಇದೆ, ಚರ್ಮದಲ್ಲಿ ಯಾವ ಹುಳುವೂ ಇಲ್ಲ. ಇವೆರಡೂ ಅಂಟುತ್ತವೆ. ಇಸುಬು ಅಂದಾಗ ಕೇಳಿದವರು ಹಿಂದೆ ಸರಿಯುವುದು ಇದೇ ಕಾರಣಕ್ಕೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಎಸ್ಜಿಮಾಕ್ಕೆ ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹುಳುಕಡ್ಡಿಗೆ ಹಚ್ಚಿದರೆ ಮೊದಲು ಕೆಂಪು ಇಳಿಯುತ್ತದೆ, ಒಳಗೊಳಗೇ ಶಿಲೀಂಧ್ರ ಹರಡುತ್ತದೆ. ಹಾಗಾಗಿ ಇದು ಸುಮ್ನೆ ಪದದ ಹಟ ಅಲ್ಲ.

ಹಾಗಾದರೆ ಎಸ್ಜಿಮಾ ಅಂತಲೇ ಬರೆಯೋಣವೇ? ಆ ಪದದ ಗ್ರೀಕ್ ಮೂಲಕ್ಕೆ 'ಕುದಿದು ಹೊರಬರುವುದು' ಎಂಬ ಅರ್ಥ. ಕೆಂಪಾಗಿ ನೀರು ಒಸರುವ ಮಗುವಿನ ಕೆನ್ನೆ ಕಂಡವರು ಒಪ್ಪುತ್ತಾರೆ. ವೈದ್ಯರು ಇದರ ಹಿಂದೆ 'ಅಟೋಪಿಕ್' ಅಂತ ಬೇರೆ ಸೇರಿಸುತ್ತಾರೆ. ಕೋಕಾ ಮತ್ತು ಕುಕ್ ಎಂಬಿಬ್ಬರು 1923ರಲ್ಲಿ ಬಳಕೆಗೆ ತಂದ 'ಅಟೋಪಿ' ಅದರ ಬೇರು. ಅದೂ ಗ್ರೀಕೇ, ಅರ್ಥ 'ಜಾಗ ತಪ್ಪಿದ್ದು', 'ವಿಚಿತ್ರ'. ಎಲ್ಲಿ ಸೇರಿಸಬೇಕೋ ತಿಳಿಯದ್ದಕ್ಕೆ ದೊಡ್ಡ ಹೆಸರು ಇಡುವುದು ನಮ್ಮ ಚಾಳಿ ಮಾತ್ರ ಅಲ್ಲ, ನೋಡಿ.

ನನ್ನ ಒಲವು ಹೀಗೆ: ಇಸುಬು ಪದವನ್ನು ಬಿಡಬಾರದು. ಮೊದಲ ಸಲ ಬಂದಾಗ 'ಅಂಟದ ಇಸುಬು' ಎಂದು ಬರೆದು, ಪಕ್ಕದಲ್ಲೇ ಎಸ್ಜಿಮಾ ಅಂತ ಹಾಕಬೇಕು. ನಿಮಗೆ ಸರಿ ಕಾಣುತ್ತಾ?

ಎರಡನೆಯದು ಕೆರಳು. ಈ ಕಾಯಿಲೆ ಒಂದೇ ಸಮ ಇರುವುದಿಲ್ಲ. ಕೆಲವು ದಿನ ಚರ್ಮ ಒರಟಷ್ಟೇ, ಇನ್ನು ಕೆಲವು ದಿನ ಕೆಂಡ. ಪತ್ರಿಕೆಗಳು 'ಉಲ್ಬಣ' ಅನ್ನುತ್ತವೆ. ನನಗೆ ಅದು ಹಿಡಿಸದು. ಉಲ್ಬಣಿಸಿದ್ದು ಏರುತ್ತಲೇ ಹೋಗುತ್ತದೆ ಎಂಬ ಭಾವ ಬರುತ್ತದೆ. ಕೆರಳಿದ್ದು ತಣಿಯಲೂಬಹುದು. ಇನ್ನೊಂದು ಲಾಭ ನೋಡಿ. 'ಕೆರಳಿಸು' ಎಂದರೆ ಕಾರಣಗಳೂ ಅದೇ ಪದದಲ್ಲಿ ಬಂದುಬಿಡುತ್ತವೆ: ಉಣ್ಣೆ ಬಟ್ಟೆ, ಘಮಘಮ ಸೋಪು, ಬೆವರು, ಒಣಹವೆ, ಗಲ್ಲಕ್ಕೆ ಇಳಿಯುವ ಜೊಲ್ಲು. ಒಂದು ಎಚ್ಚರ ಮಾತ್ರ ಬೇಕು. ಕೆರಳುವುದು ಬೇರೆ, ಸೋಂಕು ತಗಲುವುದು ಬೇರೆ. ಹಳದಿ ಹಕ್ಕಳೆ ಕಟ್ಟಿದರೆ, ಕೀವು ಬಂದರೆ, ಜ್ವರ ಬಂದರೆ, ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅದು ಬರೀ ಕೆರಳಿದ್ದಲ್ಲ. ಅವತ್ತೇ ವೈದ್ಯರಿಗೆ ತೋರಿಸಬೇಕು. ಹೊಸ ಚೀಟಿಯ ಮೊದಲ ಕರಡಿನಲ್ಲಿ ಈ ಎರಡಕ್ಕೂ 'ಜಾಸ್ತಿಯಾದರೆ' ಅಂತ ಒಂದೇ ಪದ ಬರೆದಿದ್ದೆ. ಬುದ್ಧಿ ಇಲ್ಲದ ಕೆಲಸ.

ಇನ್ನು 'ತುರಿಸು' ಎಂಬ ಕ್ರಿಯಾಪದದ ತಮಾಷೆ. "ಮೈ ತುರಿಸುತ್ತಿದೆ" ಅಂದರೆ ನವೆ. "ತುರಿಸಬೇಡ" ಅಂದರೆ ಕೆರೆಯಬೇಡ. ಎರಡಕ್ಕೂ ಒಂದೇ ಪದ. ಮಗುವಿಗೆ "ತುರಿಸಬೇಡ" ಅನ್ನುವುದು, ನವೆಯೇ ಆಗದಂತೆ ಇರು ಅಂದಂತೆ, ಅಲ್ವಾ? ಅದಕ್ಕೇ ಚೀಟಿಯಲ್ಲಿ ನವೆ ಮತ್ತು ಕೆರೆತ ಅಂತ ಬಿಡಿಸಿ ಬರೆದೆ. ನವೆಗೆ ಕೆರೆತ, ಕೆರೆದಷ್ಟೂ ನವೆ, ಕೊನೆಗೆ ಚರ್ಮ ಜಡ್ಡುಗಟ್ಟುವುದು. ಕೆರೆಯಲು ಬಾರದ ಎಳೆಗೂಸು ಕೆನ್ನೆಯನ್ನು ಹಾಸಿಗೆಗೆ ಉಜ್ಜಿಕೊಳ್ಳುತ್ತದೆ. ನಮ್ಮವಳೂ ಹಾಗೇ ಮಾಡುತ್ತಿದ್ದಳು. ನಾವು ನಿದ್ದೆ ಬಂದಿದೆ ಅಂದುಕೊಂಡಿದ್ದೆವು.

ಹೆಚ್ಚು ಹೊತ್ತು ತಿಂದ ಪದ ಮಾಯಿಶ್ಚರೈಸರ್, ಅಂದರೆ ಚರ್ಮ ಒಣಗದಂತೆ ಸವರುವ ಮುಲಾಮು. 'ತೇವಕಾರಕ' ಅಂತ ಕೆಲವರು ಬರೆಯುತ್ತಾರೆ. ಓದಿದವರು ಚರ್ಮಕ್ಕೆ ನೀರು ಕೊಡುವ ವಸ್ತು ಅಂದುಕೊಳ್ಳುತ್ತಾರೆ. ಅದರ ಮುಖ್ಯ ಕೆಲಸ ಇರುವ ನೀರು ಹೋಗದಂತೆ ಕಾಯುವುದು. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷ ಇರುವವರಿಗೆ ಎಸ್ಜಿಮಾ ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ಆ ಪ್ರೋಟೀನು ಕಡಿಮೆಯಾದರೆ ಮೇಲ್ಚರ್ಮದ ಕಟ್ಟು ಸಡಿಲ. ಒಳಗಿನ ನೀರು ಹೊರಗೆ, ಹೊರಗಿನ ಕಿರಿಕಿರಿ ಒಳಗೆ. ಅದಕ್ಕೇ ಉಗುರುಬೆಚ್ಚನೆ ನೀರಲ್ಲಿ ಐದು ಹತ್ತು ನಿಮಿಷದ ಸ್ನಾನ, ಬಟ್ಟೆ ಒತ್ತಿ ನೀರು ತೆಗೆಯುವುದು, ಮೈಯ ಪಸೆ ಆರುವ ಮೊದಲೇ ಈ ಮುಲಾಮು. 'ತೇವಗಾವಲು' ಅಂತ ನಾನೇ ಒಂದು ಪದ ಕಟ್ಟಿದೆ. ಮನೆಯಲ್ಲಿ ಎಲ್ಲರೂ ನಕ್ಕರು. ನೀವೂ ನಗಬಹುದು, ಆದರೆ ಬೇರೆ ಪದ ಕೊಟ್ಟು ನಗಿ.

ಹಚ್ಚುವ ಕ್ರಿಯೆಗೂ ಸರಿ ಪದ ಬೇಕು. ಉಜ್ಜಿದರೆ ಚರ್ಮ ಕೆರಳುತ್ತದೆ. ಕೂದಲು ಬೆಳೆಯುವ ದಿಕ್ಕಿಗೆ ಮೆಲ್ಲಗೆ ಸವರಬೇಕು. 'ಹಚ್ಚಿ' ಅಂದಿದ್ದಕ್ಕೆ ಅವರು ಎಣ್ಣೆ ತಿಕ್ಕಿದ ಹಾಗೆ ತಿಕ್ಕಿದರೆ ತಪ್ಪು ಯಾರದು? ಪ್ರಮಾಣದಲ್ಲೂ ಅದೇ ಪಾಡು. ಮಕ್ಕಳ ಮೈಗೆಲ್ಲ ಮಾಯಿಶ್ಚರೈಸರ್ ಹಚ್ಚುವುದಾದರೆ ವಾರಕ್ಕೆ 250ರಿಂದ 500 ಗ್ರಾಂ ತನಕ ಬೇಕಾಗುತ್ತದೆ. 'ಸ್ವಲ್ಪ' ಅಂದರೆ ಆಗದು. ಸ್ಟೀರಾಯ್ಡ್‌ಗೆ ಅಳತೆ ಬೇರೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದಷ್ಟು. ಸುಮಾರು ಅರ್ಧ ಗ್ರಾಂ, ದೊಡ್ಡವರ ಬೆರಳೂ ಸೇರಿದಂತೆ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಇದನ್ನು 'ಒಂದು ಗೆಣ್ಣು' ಅಂದರೆ ಎಲ್ಲರಿಗೂ ತಿಳಿಯುತ್ತದೆಯೇ?

ಕೊನೆಗೆ ವಾಸಿ. "ಪೂರ್ತಿ ವಾಸಿಯಾದ ಮೇಲೆ" ಅಂದರೆ ನಾನು ವರ್ಷಗಟ್ಟಲೆ ಕಾಯಬೇಕು. ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಇದು ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಆದರೆ ವಾಸಿಗೆ ಇನ್ನೊಂದು ಅರ್ಥ ಇದೆಯಲ್ಲ: "ಅದಕ್ಕಿಂತ ಇದು ವಾಸಿ." ಎಸ್ಜಿಮಾಕ್ಕೆ ಒಪ್ಪುವ ವಾಸಿ ಇದೇ. ನಿನ್ನೆಗಿಂತ ಇಂದು ವಾಸಿ. ಕರಡಿನಲ್ಲಿದ್ದ 'ಗುಣ' ತೆಗೆದು, 'ಹತೋಟಿಯಲ್ಲಿದೆ' ಅಂತ ಬರೆದೆ. 'ನಿರ್ವಹಣೆ' ಬೇಡವೇ ಬೇಡ. ಅದು ಕಡತಕ್ಕೆ ಸರಿ, ಮಗುವಿಗಲ್ಲ.

ಹೊಸ ಚೀಟಿ ಹೀಗಿದೆ: "ಮಗುವಿಗೆ ಅಂಟದ ಇಸುಬು ಇದೆ, ಅಂದರೆ ಎಸ್ಜಿಮಾ. ಬೇರೆ ಮಕ್ಕಳಿಗೆ ಬರುವುದಿಲ್ಲ. ಈಗ ಹತೋಟಿಯಲ್ಲಿದೆ. ಮಧ್ಯಾಹ್ನ ಕೈ ತೊಳೆದುಕೊಂಡು ಬಿಳಿ ಡಬ್ಬಿಯ ಮುಲಾಮು ಧಾರಾಳವಾಗಿ ಸವರಿ, ಉಜ್ಜಬೇಡಿ. ನವೆಯಾದರೆ ತಣ್ಣನೆ ಒದ್ದೆ ಬಟ್ಟೆ ಇಡಿ. ಹಳದಿ ಹಕ್ಕಳೆ, ನೀರುಗುಳ್ಳೆ ಅಥವಾ ಜ್ವರ ಕಂಡರೆ ಕೂಡಲೇ ಫೋನ್ ಮಾಡಿ."

ಒಂದು ಜಾಗ ಇನ್ನೂ ಖಾಲಿ ಇದೆ. ಎಳೆಗೂಸಿಗೆ ಇದು ಕೆನ್ನೆ, ನೆತ್ತಿಯಲ್ಲಿ ಹೆಚ್ಚು. ನಡೆದಾಡುವ ವಯಸ್ಸಿಗೆ ಕೈಕಾಲು ಮಡಚುವ ಕಡೆ ಬಂದು ಕೂರುತ್ತದೆ. ಮೊಣಕೈಗೆ 'ಒಳಮಡಿಕೆ' ಅಂತ ಬರೆದೆ. ಮಂಡಿಯ ಹಿಂದಿನ ಆ ಗುಳಿಗೆ ನಿಮ್ಮ ಮನೆಮಾತಲ್ಲಿ ಏನು ಹೆಸರು?